ಹನ್ನೆರಡನೇ ನಂಬರಿನ ಡಬ್ಬಿ

"ಅತ್ತೆ, ಕೈಯಲ್ಲಿರೋದನ್ನ ಕೆಳಗಿಟ್ಟು ಸ್ವಲ್ಪ ಕೇಳಿ. ಕೇಳ್ತಿದೀರಾ? ಕ್ಯಾರೆಟ್ಟಿಗೆ ಆ ಕೇಸರಿ ಬಣ್ಣ ಬರೋದು ಕ್ಯಾರೊಟಿನ್ ಅನ್ನೋ ಒಂದು ವಸ್ತುವಿನಿಂದ. ನಮ್ಮ ಮೈ ಅದನ್ನ ವಿಟಮಿನ್ ಮಾಡ್ಕೊಂಡು ಕಣ್ಣಿಗೆ ಕೊಡುತ್ತೆ. ಆದ್ರೆ ಅದು ಬಲು ಬಿಗುಮಾನದ್ದು. ನೀರಿನ ಜೊತೆ ಸೇರಲ್ಲ, ಎಣ್ಣೆ ಇದ್ರೆ ಮಾತ್ರ ಮಾತು. ನೀವು ಒಂದು ಕ್ಯಾರೆಟ್ ಕಚ್ಚಿ ತಿಂದ್ರೆ ಅದರಲ್ಲಿರೋದರಲ್ಲಿ ಬಹುಪಾಲು ಹೊಟ್ಟೆಯ ಈ ಬಾಗಿಲಿಂದ ಬಂದು ಆ ಬಾಗಿಲಿಂದ ಹೊರಟುಹೋಗುತ್ತೆ, ಒಳಗೆ ಯಾರನ್ನೂ ಮಾತಾಡಿಸೋದೇ ಇಲ್ಲ. ಅದಕ್ಕೇ ನಾವೇನು ಮಾಡ್ತೀವಿ, ಹಾಲಿನ ಪ್ರೋಟೀನ್ ತಗೊಂಡು ಪುಟ್ಟ ಪುಟ್ಟ ಕಣ ಮಾಡ್ತೀವಿ. ನ್ಯಾನೋ ಕಣ. ಎಷ್ಟು ಪುಟ್ಟದು ಅಂದ್ರೆ, ನಿಮ್ಮ ಒಂದು ತಲೆಗೂದಲನ್ನ ಉದ್ದಕ್ಕೆ ಐನೂರು ಸೀಳು ಮಾಡಿದ್ರೆ ಒಂದು ಸೀಳು ಎಷ್ಟು ದಪ್ಪ ಇರುತ್ತೋ ಅಷ್ಟು. ಆ ಕಣದ ಒಳಗೆ ಕ್ಯಾರೊಟಿನ್ ಕೂರಿಸಿ ಕಳಿಸ್ತೀವಿ. ಹಾಲು ಅಂದ್ರೆ ಕರುಳಿಗೆ ಹಳೇ ಪರಿಚಯ, ಬಾಗಿಲು ತೆಗೆಯುತ್ತೆ. ಅದರ ಜೊತೆ ಕ್ಯಾರೊಟಿನ್ನೂ ಒಳಗೆ. ಹೀಗೆ ಮಾಡಿದ್ರೆ ನಿಜವಾಗ್ಲೂ ರಕ್ತಕ್ಕೆ ಜಾಸ್ತಿ ಸೇರುತ್ತಾ ಅಂತ ಅರವತ್ತು ದಾಟಿದ ಹನ್ನೆರಡು ಜನರಲ್ಲಿ ನೋಡಬೇಕು. ಅದೇ ನನ್ನ ಕೆಲಸ. ಅರ್ಥ ಆಯ್ತಾ ಅತ್ತೆ? ನಿಮಗೆ ಅರ್ಥ ಆದ್ರೆ ಯಾರಿಗೆ ಬೇಕಾದ್ರೂ ಅರ್ಥ ಆಗುತ್ತೆ."

ಇದು ನನ್ನ ಸೊಸೆಯ ಮಾತು. ಕೊನೆಯ ವಾಕ್ಯ ಹೊಗಳಿಕೆಯೋ ಅಲ್ಲವೋ ಅಂತ ನಾನು ಕೆದಕಲು ಹೋಗಲಿಲ್ಲ. ಆಹಾರದ ಸಂಶೋಧನೆ ಮಾಡುವ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ. ದೊಡ್ಡವರ ಮುಂದೆ ಭಾಷಣ ಮಾಡುವ ಮೊದಲು ಅಡಿಗೆಮನೆಯಲ್ಲಿ ನನ್ನ ಮುಂದೆ ಒಂದು ಸಲ ಒಪ್ಪಿಸುತ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕೇಳುವುದಕ್ಕೆ ಕ್ಲಾಸು ಬೇಕಿಲ್ಲವಲ್ಲ. ಏಳೆಂಟು ಸಲ ಕೇಳಿ ಕೇಳಿ, ಈಗ ಯಾರಾದರೂ ಎಬ್ಬಿಸಿ ಕೇಳಿದರೂ ಆ ಐನೂರು ಸೀಳಿನ ತನಕ ಗಡಗಡನೆ ಹೇಳಿಬಿಡುತ್ತೇನೆ.

ಕಷ್ಟ ಶುರುವಾಗಿದ್ದು ಆ 'ಹನ್ನೆರಡು ಜನ' ಅನ್ನುವಲ್ಲಿ. ಅರವತ್ತು ದಾಟಿದವರನ್ನು ಹಿಡಿದು ತರುವುದು ಬೆಕ್ಕುಗಳನ್ನು ಸಾಲಾಗಿ ಕೂರಿಸಿದಂತೆ. ಒಪ್ಪಿಕೊಂಡವರಲ್ಲಿ ಇಬ್ಬರು ಕೈಕೊಟ್ಟರು. ಹನ್ನೊಂದನೇ ನಂಬರಿನವರು ಬೀದಿ ಕೊನೆಯ ಕ್ಷೌರದಂಗಡಿಯವರು. ಅವರು ಇದ್ದಬದ್ದ ಹಲ್ಲೆಲ್ಲ ಕೀಳಿಸಿಕೊಂಡು, ಬಾಯಿ ವಾಸಿಯಾಗಿ ಹೊಸ ಹಲ್ಲು ಕೂರುವ ತನಕ ಶುರು ಮಾಡುವುದಿಲ್ಲ ಅಂತ ಕೂತಿದ್ದರು. ಹನ್ನೆರಡನೇ ಜಾಗ ಖಾಲಿ. ಲ್ಯಾಬಿನ ಮುಖ್ಯಸ್ಥೆ (ಉಪ್ಪನ್ನೂ ತೂಗದೆ ಬಾಯಿಗೆ ಹಾಕದ ಹೆಂಗಸು; ನಮ್ಮ ಮನೆಯಲ್ಲಿ ಅವರ ಹೆಸರು ತಕ್ಕಡಿ ಮೇಡಂ) ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ: ಹನ್ನೆರಡು ಜನ ಪೂರ್ತಿ ಆಗದಿದ್ದರೆ ಈ ಕೆಲಸ ಇಲ್ಲಿಗೇ ಮುಚ್ಚಿ, ಮೇಜು ಇನ್ನೊಬ್ಬರಿಗೆ ಬಿಟ್ಟುಕೊಡು ಅಂತ. ಮೂರು ವರ್ಷದ ಕೆಲಸ. ಸೊಸೆ ಈರುಳ್ಳಿ ಹೆಚ್ಚುತ್ತೇನೆ ಅಂತ ಹಲಗೆ ಎಳೆದುಕೊಂಡು ಕೂತಳು. ಈರುಳ್ಳಿ ಬುಟ್ಟಿಯಲ್ಲೇ ಇತ್ತು, ಕಣ್ಣಲ್ಲಿ ಮಾತ್ರ ನೀರು.

ನನ್ನ ಬಾಯಿ ಸುಮ್ಮನಿರಬೇಕೋ ಬೇಡವೋ! "ನಿಮ್ಮ ಮಾವ ಇಲ್ವೇನಮ್ಮಾ? ಎಪ್ಪತ್ತೊಂದು. ಸಂಜೆಯಾದ್ರೆ ಮೆಟ್ಟಿಲು ಕಾಣಲ್ಲ ಅಂತಾರೆ. ಕುಡಿಸೋ ಜವಾಬ್ದಾರಿ ನಂದು. ನನ್ನ ಮೇಲೆ ಬಿಡು" ಅಂದೆ.

"ಖಂಡಿತಾನಾ ಅತ್ತೆ? ಮಧ್ಯದಲ್ಲಿ ಬಿಟ್ರೆ ನನ್ನ ಕಥೆ ಮುಗೀತು."

"ನಾನು ಹೇಳಿದೆನಲ್ಲ."

ನಮ್ಮ ಯಜಮಾನರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ನಲವತ್ತು ವರ್ಷ ಏಣಿಯ ಮೇಲೆ ನಿಂತು ಊರಿನ ಅರ್ಧ ಅಂಗಡಿಗಳಿಗೆ ಹೆಸರಿಟ್ಟವರು. ಅವರನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ರಕ್ತ ಕೊಡಬೇಕು ಅನ್ನುವುದೇ ದೊಡ್ಡ ತಕರಾರು. "ಇರುವೆ ಕಚ್ಚಿದ ಹಾಗೆ ಕಣ್ರೀ, ಅಷ್ಟೇ" ಅಂತ ನಾನು ಧೈರ್ಯ ತುಂಬಿದೆ. ಲ್ಯಾಬಿನ ಕಡೆಯ ನರ್ಸಮ್ಮ ಬಂದು ಮೊದಲ ದಿನದ ರಕ್ತ ತೆಗೆದುಕೊಂಡು ಹೋದಳು. ಡಬ್ಬಿ ಬಂತು. ಮೇಲೆ ಹನ್ನೆರಡು ಅಂತ ಅಂಟಿಸಿತ್ತು. ಅದರಲ್ಲಿರುವುದು ಆ ಕಣಗಳ ಪುಡಿಯೋ, ಬರೀ ಕ್ಯಾರೆಟ್ ಪುಡಿಯೋ ತಕ್ಕಡಿ ಮೇಡಂ ಒಬ್ಬರಿಗೇ ಗೊತ್ತು, ಸೊಸೆಗೂ ಗೊತ್ತಿಲ್ಲ. ನಿಯಮ ಹೀಗೆ: ಆರು ವಾರ, ದಿನಾ ಬೆಳಿಗ್ಗೆ ತಿಂಡಿಯ ಜೊತೆ ಒಂದು ಚಮಚ ಪುಡಿ ಅರ್ಧ ಲೋಟ ಬಿಸಿನೀರಿಗೆ. ಕುಡಿದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಒಂದು ಗುರುತು. ಆ ಆರು ವಾರ ಬೇರೆ ಕ್ಯಾರೆಟ್ಟು, ಕುಂಬಳಕಾಯಿ ಮುಟ್ಟಬಾರದು. ಕೊನೆಗೆ ಖಾಲಿ ಡಬ್ಬಿ ವಾಪಸ್ಸು.

ಮೂರು ದಿನ ಸುಸೂತ್ರ. ನಾಲ್ಕನೇ ದಿನ ಲೋಟ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಕೆಳಗಿಟ್ಟರು.

"ನಾನು ಕುಡಿಯಲ್ಲ."

"ಯಾಕ್ರೀ? ಮೂರು ದಿನ ಕುಡಿದ್ರಲ್ಲ!"

"ಮೂರು ದಿನದಿಂದ ಇದು ಏನೋ ಒಂದು ಇದೆಯಲ್ಲ, ಏನೋ ಒಂದು ಇದೆಯಲ್ಲ ಅಂತ ಯೋಚನೆ ಮಾಡ್ತಿದ್ದೆ. ಇವತ್ತು ಹೊಳೀತು. ಬ್ರಷ್ ತೊಳೆದ ನೀರು!"

"ಅಯ್ಯೋ, ಬರೀ ಬಣ್ಣ ಹಾಗಿದೆ ಅಷ್ಟೇ."

"ನನಗೆ ಹೇಳ್ಬೇಡ. ಆ ಔಷಧಿ ಅಂಗಡಿ ಬೋರ್ಡು ಬರೀವಾಗ ಏಣಿ ಮೇಲಿಂದ ಕೈ ಚಾಚಿ ಟೀ ಅಂತ ಯಾವ ಲೋಟ ಎತ್ತಿಕೊಂಡೆ ಗೊತ್ತಾ? ಒಂದೇ ಗುಟುಕು. ವಾರ ಪೂರ್ತಿ ಏನು ತಿಂದ್ರೂ ಟರ್ಪೆಂಟೈನು. ಇದು ಅದೇ ಲೋಟ."

"ಸೊಸೆಗೆ ಹೇಳಿಬಿಡ್ತೀನಿ ನೋಡಿ."

"ಹೇಳು. 'ನನ್ನ ಮೇಲೆ ಬಿಡು' ಅಂದೋಳು ನೀನು. ನಾನೇನಾದ್ರೂ ಅಂದಿದ್ನಾ?"

ಅಷ್ಟರಲ್ಲಿ ಸೊಸೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಬಾಗಿಲಿಂದ ಕೂಗಿದಳು: "ಅತ್ತೆ, ಮಾವ ಕುಡಿದ್ರಾ?"

ಯಜಮಾನರು ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಲೋಟ ನನ್ನ ಕೈಯಲ್ಲಿ. ಸಿಂಕಿಗೆ ಸುರಿಯಬಹುದಿತ್ತು. ಆದರೆ ಈ ಮನೆಗೆ ಕಾಲಿಟ್ಟಂದಿನಿಂದ ಎಲ್ಲರೂ ಬಿಟ್ಟಿದ್ದನ್ನು ಖಾಲಿ ಮಾಡುವ ಖಾತೆ ನನ್ನದೇ. ಮಗ ಬಿಟ್ಟ ಹಾಲು, ಇವರು ಬಿಟ್ಟ ಬ್ರೆಡ್ಡಿನ ಅಂಚು, ತಳದ ಅನ್ನ, ಎಲ್ಲಕ್ಕೂ ಕೊನೆಯ ನಿಲ್ದಾಣ ನನ್ನ ಹೊಟ್ಟೆ. ಕೈ ತಾನಾಗಿ ಬಾಯಿಗೆ ಹೋಯಿತು. ಗಟಗಟ ಎರಡೇ ಗುಟುಕು.

"ಲೋಟ ಖಾಲಿ ಕಣಮ್ಮ!" ಅಂದೆ.

ಸುಳ್ಳೇನೂ ಅಲ್ಲ, ನೋಡಿ. ಫ್ರಿಜ್ಜಿನ ಮೇಲೆ ಗುರುತು ಹಾಕಿದೆ.

ನಾಳೆ ಹೇಗಾದರೂ ಒಪ್ಪಿಸೋಣ ಅಂದುಕೊಂಡೆ. ಆ ನಾಳೆ ನಾಳಿದ್ದಾಯಿತು, ನಾಳಿದ್ದು ಎರಡು ವಾರವಾಯಿತು. ಆಮೇಲೆ ಅವರೇ ಬಿಸಿನೀರು ಕಾಯಿಸಿ, ಪುಡಿ ಕಲಸಿ, "ತಗೋ, ನನ್ನ ಲೋಟ ಕುಡಿ" ಅಂತ ತಂದುಕೊಡುವ ಮಟ್ಟಕ್ಕೆ ಬಂತು. ಡಬ್ಬಿ ಲಕ್ಷಣವಾಗಿ ಖಾಲಿಯಾಗುತ್ತಿತ್ತು. ತೂಗುವುದು ಡಬ್ಬಿಯನ್ನು ತಾನೇ ಅಂತ ನಾನೂ ನೆಮ್ಮದಿಯಾಗಿದ್ದೆ.

ನೆಮ್ಮದಿ ಕೆಟ್ಟಿದ್ದು ಮೂರನೇ ವಾರದ ಕೊನೆಗೆ. ಸೊಸೆ ಮತ್ತೆ ಅಡಿಗೆಮನೆಯಲ್ಲಿ ಭಾಷಣ ಒಪ್ಪಿಸಿದಳು. ಈ ಸಲ ಬಾಲಕ್ಕೆ ಹೊಸದೊಂದು ಸೇರಿತ್ತು: "ಡಬ್ಬಿ ಖಾಲಿಯಾದರೆ ಸಾಲದು. ಕೊನೆಯ ದಿನದ ರಕ್ತದಲ್ಲಿ ಎಷ್ಟು ಕ್ಯಾರೊಟಿನ್ ಇದೆ ಅನ್ನೋದೇ ನಮಗೆ ಸಾಕ್ಷಿ. ರಕ್ತ ಮುಲಾಜು ನೋಡಲ್ಲ."

ನನ್ನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

"ಏನಾಯ್ತು ಅತ್ತೆ?"

"ಏನಿಲ್ಲಮ್ಮ, ಚೆನ್ನಾಗಿದೆ. ಆ ಕೊನೆಯದು ಬಹಳ ಚೆನ್ನಾಗಿದೆ."

ಆ ದಿನದಿಂದ ನನಗೆ ಒಂದೇ ಚಿಂತೆ. ಇವರ ರಕ್ತದಲ್ಲಿ ಏನಿರುತ್ತದೆ? ಟೀ ಇರುತ್ತದೆ, ಜಂಬ ಇರುತ್ತದೆ. ಕ್ಯಾರೊಟಿನ್ ಎಲ್ಲಿಂದ ಬರಬೇಕು? ಹೇಳಿಬಿಡೋಣ ಅಂತ ಮೂರು ಸಲ ಅವಳ ಕೋಣೆಯ ಬಾಗಿಲ ತನಕ ಹೋದೆ. ಮೂರು ಸಲವೂ "ಒಗೆಯೋ ಬಟ್ಟೆ ಇದೆಯೇನಮ್ಮಾ?" ಅಂತ ಕೇಳಿ ವಾಪಸ್ಸು ಬಂದೆ. ಅವಳ ಬಟ್ಟೆ ಅಷ್ಟು ಚೊಕ್ಕಟವಾಗಿ ಯಾವತ್ತೂ ಇರಲಿಲ್ಲ.

ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. (ನನಗೆ ಉಪಾಯ ಹೊಳೆದಾಗ ಯಾರಾದರೂ ಬಂದು ನನ್ನನ್ನು ಕೋಣೆಯಲ್ಲಿ ಹಾಕಿ ಚಿಲಕ ಹಾಕಬೇಕು.) ಕಣ ಇಲ್ಲದಿದ್ದರೇನಂತೆ, ಕ್ಯಾರೆಟ್ಟೇ ಇದೆಯಲ್ಲ! ಪುಟ್ಟ ಕಣದಲ್ಲಿ ಹೋಗಬೇಕಾದ್ದನ್ನು ಬುಟ್ಟಿಗಟ್ಟಲೆ ಕಳಿಸಿದರಾಯಿತು. ಕೊನೆಯ ಮೂರು ವಾರ ಇವರಿಗೆ ಗೊತ್ತಾಗದ ಹಾಗೆ ತಿನ್ನಿಸಿಬಿಟ್ಟರೆ ರಕ್ತ ಕೆಂಪಗಲ್ಲ, ಕೇಸರಿಯಾಗಿಯೇ ಬರುತ್ತದೆ. ನಿಯಮ ಮುರಿದಂತಾಗುತ್ತದೆ, ನಿಜ. ಆದರೆ ಮುರಿದ ನಿಯಮದ ಪಕ್ಕದಲ್ಲಿ ಇನ್ನೊಂದು ಮುರಿದರೆ ಯಾರು ನೋಡುತ್ತಾರೆ?

ತರಕಾರಿಯವಳು ಎರಡು ದಿನಕ್ಕೊಮ್ಮೆ ಚೀಲ ತುಂಬಿಸಿಕೊಡುತ್ತಾ ಕೇಳಿದಳು: "ಏನಮ್ಮಾ, ಕುದುರೆ ಸಾಕಿದೀರಾ?"

"ಹೂಂ ಕಣೇ, ಒಂದಿದೆ. ಬೋರ್ಡು ಬರೆಯೋದು."

ಸೊಸೆ ಮಧ್ಯಾಹ್ನದ ಊಟ ಲ್ಯಾಬಿನಲ್ಲೇ ಮಾಡುತ್ತಾಳೆ. ಮಗ ರೈಲಿನ ಗಾರ್ಡು, ಮನೆಗಿಂತ ಹಳಿಯ ಮೇಲೇ ಹೆಚ್ಚು. ಹಾಗಾಗಿ ಮಧ್ಯಾಹ್ನವೆಲ್ಲ ನನ್ನ ಸಾಮ್ರಾಜ್ಯ. ಸೋಪಿನ ಬಕೆಟ್ಟಿನ ಹಿಂದೆ ಬಚ್ಚಿಟ್ಟ ಕ್ಯಾರೆಟ್ಟನ್ನು ತುರಿದು ಆಮ್ಲೆಟ್ಟಿಗೆ, ರುಬ್ಬಿ ಸೂಪಿಗೆ, ಬೇಯಿಸಿ ಕಿವುಚಿ ಅನ್ನದ ಕೆಳಗೆ. ಉಪ್ಪು ಒಂದು ಹರಳು ಹೆಚ್ಚಾದರೆ ಮನೆ ಮೇಲೆ ಕೆಳಗೆ ಮಾಡುವ ಮನುಷ್ಯ, ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ಒಂದು ಮಾತಾಡದೆ ತಿಂದರು. ನನಗೆ ಜಯವಾಗುವ ಬದಲು ಭಯವಾಯಿತು. ಅವರು ಬಿಟ್ಟಿದ್ದೆಲ್ಲ, ಹೇಳಿದೆನಲ್ಲ, ಕೊನೆಯ ನಿಲ್ದಾಣಕ್ಕೆ.

ಐದನೇ ವಾರ ಒಂದು ಬೆಳಿಗ್ಗೆ ತಂತಿಯ ಮೇಲೆ ಬಿಳೀ ದಿಂಬಿನ ಚೀಲ ಒಣಹಾಕುತ್ತಿದ್ದೆ. ಚೀಲದ ಮೇಲೆ ನನ್ನ ಅಂಗೈ. ಅಂಗೈ ಹಳದಿ! ಅದೂ ಸುಮ್ಮನೆ ಹಳದಿಯಲ್ಲ, ಹಣ್ಣಾದ ಹಳದಿ. ಸೋಪು ಹಾಕಿ ಉಜ್ಜಿದೆ. ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದೆ. ಅಂಗೈ ಕೆಂಪಾಯಿತು, ಕೆಂಪು ಇಳಿದ ಮೇಲೆ ಮತ್ತೆ ಹಳದಿ. ಅಂಗಾಲು ತಿರುಗಿಸಿ ನೋಡಿದರೆ ಅಲ್ಲೂ ಅದೇ.

ಕಾಮಾಲೆ. ಇನ್ನೇನು! ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಡಾಕ್ಟರ ಹತ್ತಿರ ಹೋದರೆ "ಏನು ತಿಂದಿರಿ, ಏನು ಕುಡಿದಿರಿ" ಅಂತ ಕೇಳುತ್ತಾರೆ. ಹೇಳಿದರೆ ಸೊಸೆಯ ಕೆಲಸ ಹೋಗುತ್ತದೆ, ಹೇಳದಿದ್ದರೆ ನಾನು ಹೋಗುತ್ತೇನೆ. ಇನ್ನು ಒಂದು ವಾರ ಉಸಿರು ಹಿಡಿದುಕೊಂಡರೆ ರಕ್ತ ತೆಗೆಯುವ ದಿನ ದಾಟುತ್ತದೆ, ಆಮೇಲೆ ಬೇಕಾದರೆ ಹೋಗೋಣ ಅಂತ ತೀರ್ಮಾನಿಸಿದೆ. ಎರಡೂ ಕೈಗೆ ರಬ್ಬರ್ ಗ್ಲೌಸು ಏರಿಸಿದೆ. ಸೊಸೆ ಕೇಳಿದ್ದಕ್ಕೆ "ಸೋಪು ಆಗ್ತಾ ಇಲ್ಲ ಕಣಮ್ಮ" ಅಂದೆ. ಗ್ಲೌಸಿನಲ್ಲೇ ಬಟಾಣಿ ಸುಲಿದೆ. ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳಿಗೇ ಪೋಣಿಸಿಕೊಂಡೆ. ನಾನು ಹೋದ ಮೇಲೆ ಯಾವುದು ಯಾರಿಗೆ ಅಂತ ಮನಸ್ಸಿನಲ್ಲೇ ಹಂಚಿದೆ: ಹೊಲಿಗೆ ಮೆಷೀನು ಸೊಸೆಗೆ, ಉಣ್ಣೆ ಶಾಲು ಅಕ್ಕನಿಗೆ, ದೊಡ್ಡ ಕುಕ್ಕರು ಮಾತ್ರ ಯಾರಿಗೆ ಅಂತ ಬಗೆಹರಿಯಲಿಲ್ಲ.

ಇಷ್ಟರ ಮೇಲೆ ಯಜಮಾನರು ಒಳ್ಳೆಯವರಾಗಿಬಿಟ್ಟರು! ನಲವತ್ತಾರು ವರ್ಷದಲ್ಲಿ ತಾನು ಕುಡಿದ ಲೋಟ ಎತ್ತಿಡದವರು ಪಾತ್ರೆ ತೊಳೆಯಲು ನಿಂತರು. "ನೀನು ಕೂತ್ಕೋ" ಅಂತ ಕುರ್ಚಿ ಎಳೆದು ಹಾಕಿದರು. ಮಂಗಳವಾರ ಬಂದರೆ, "ಬಾ ಇಲ್ಲಿ, ಕಿಟಕಿ ಹತ್ತಿರ. ಗ್ಲೌಸು ತೆಗಿ. ಕೈಗೆ ಏನೋ ಚುಚ್ಚಿದ ಹಾಗಿದೆ, ನೋಡ್ತೀನಿ" ಅಂತ ನನ್ನ ಕೈ ಹಿಡಿದು ನಿಲ್ಲುತ್ತಿದ್ದರು. ಇವರಿಗೆ ಕಣ್ಣು ಮಂಜು, ಬಣ್ಣ ಕಾಣುವುದಿಲ್ಲ ಅಂತ ನಾನೂ ಸುಮ್ಮನೆ ಕೊಡುತ್ತಿದ್ದೆ. ಒಂದು ಕ್ಷಣ ನಾಚಿಕೆಯೂ ಆಯಿತು, ಸುಳ್ಳೇಕೆ ಹೇಳಲಿ. ಮರುಕ್ಷಣವೇ ಲೆಕ್ಕ ಹಾಕಿದೆ: ಇಷ್ಟು ಪ್ರೀತಿ ತೋರಿಸಬೇಕಾದರೆ ಇವರಿಗೇನೋ ಗೊತ್ತಿದೆ. ನಾನು ಉಳಿಯುವುದಿಲ್ಲ.

ಕೊನೆಗೆ ನಲವತ್ತೆರಡನೇ ದಿನ ಬಂತು, ಭಾನುವಾರ. ನರ್ಸಮ್ಮ ಪೆಟ್ಟಿಗೆ ಬಿಚ್ಚಿದಳು. ಯಜಮಾನರು ತೋಳು ಮಡಿಸಿ, ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತರು. ಸೊಸೆ ಖಾಲಿ ಡಬ್ಬಿಯನ್ನೂ ಫ್ರಿಜ್ಜಿನ ಕಾಗದವನ್ನೂ ಎದೆಗವಚಿಕೊಂಡು ನಿಂತಿದ್ದಳು. ನಾನು ಗ್ಲೌಸು ಹಾಕಿಕೊಂಡು ಗೋಡೆಗಂಟಿಕೊಂಡಿದ್ದೆ.

"ಅಮ್ಮಾ, ಆ ಹತ್ತಿ ಕೊಡಿ ಇಲ್ಲಿ. ಅಯ್ಯೋ, ಗ್ಲೌಸು ಒದ್ದೆ ಇದೆ, ಬಿಚ್ಚಿ ಕೊಡೀಮ್ಮ."

ಬಿಚ್ಚಿದೆ. ಕೊಟ್ಟೆ. ನರ್ಸಮ್ಮ ಹತ್ತಿ ತೆಗೆದುಕೊಳ್ಳಲಿಲ್ಲ, ನನ್ನ ಕೈ ಹಿಡಿದುಕೊಂಡಳು. ಆಮೇಲೆ ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು.

ನನ್ನ ಕಟ್ಟೆ ಒಡೆಯಿತು. "ಗೊತ್ತು ಕಣಮ್ಮ, ನನಗೆ ಗೊತ್ತು! ಮೆಷೀನು ಇವಳಿಗೆ ಕೊಡಿ. ಕುಕ್ಕರು ಯಾರಾದ್ರೂ ತಗೊಳ್ಳಿ!"

"ಯಾವ ಕುಕ್ಕರು?" ಅಂದಳು ನರ್ಸಮ್ಮ. "ಕಣ್ಣು ಹಾಲಿನ ಹಾಗೆ ಬೆಳ್ಳಗಿದೆ. ಕಾಮಾಲೆ ಆಗಿದ್ರೆ ಕಣ್ಣೂ ಹಳದಿ ಆಗ್ತಿತ್ತು. ಇದು ಕ್ಯಾರೆಟ್ ಬಣ್ಣ. ಸಿಕ್ಕಾಪಟ್ಟೆ ತಿಂದ್ರೆ ಅಂಗೈಗೆ, ಪಾದಕ್ಕೆ ಇಳಿಯುತ್ತೆ. ಏನೂ ಆಗಲ್ಲ, ನಿಲ್ಲಿಸಿದ್ರೆ ತಾನೇ ಹೋಗುತ್ತೆ. ಅಲ್ಲಾ, ಡಬ್ಬಿ ಯಜಮಾನರದ್ದು. ಬಣ್ಣ ನಿಮಗ್ಯಾಕೆ ಬಂತು?"

ಸೊಸೆ ಕಾಗದ ನೋಡಿದಳು, ಡಬ್ಬಿ ನೋಡಿದಳು, ನನ್ನ ಕೈ ನೋಡಿದಳು. ನಾನು ನಾಲ್ಕನೇ ದಿನದಿಂದ ಹಿಡಿದು ಸೋಪಿನ ಬಕೆಟ್ಟಿನ ತನಕ ಎಲ್ಲ ಹೇಳಿದೆ.

ಮೊದಲು ಬಾಯಿ ತೆಗೆದವರು ಯಜಮಾನರು. "ಹಾಗಾದ್ರೆ ನೀನು ಸಾಯಲ್ವಾ?"

"ಇಲ್ವಂತೆ."

"ಮತ್ತೆ ನಾನು ಆ ಪಾತ್ರೆ ತೊಳೆದಿದ್ದು? ಆ ಕ್ಯಾರೆಟ್ ಸೂಪು ಉಸಿರೆತ್ತದೆ ಕುಡಿದಿದ್ದು? ಸಾಯೋಳ ಕೈಯಡಿಗೆಗೆ ಹೆಸರಿಡಬಾರದು ಅಂತ ಬಾಯಿ ಮುಚ್ಕೊಂಡು ತಿಂದೆನಲ್ಲೇ!" ಅಂತ ಜೇಬಿನಿಂದ ಒಂದು ಮಡಿಸಿದ ರಟ್ಟು ತೆಗೆದು ಮೇಜಿನ ಮೇಲೆ ಎಸೆದರು. ಬಣ್ಣದ ಅಂಗಡಿಯ ಮಾದರಿ ಕಾರ್ಡು, ಚೌಕ ಚೌಕ ಹಳದಿಗಳು. ನಾಲ್ಕನೇ ವಾರದಿಂದ ಮಂಗಳವಾರ ಮಂಗಳವಾರ ನನ್ನ ಅಂಗೈಯನ್ನು ಆ ಚೌಕಗಳ ಪಕ್ಕ ಹಿಡಿದು ನೋಡಿ, ಹೋಲಿದ ಬಣ್ಣದ ಮೇಲೆ ಪೆನ್ಸಿಲಿನಲ್ಲಿ ತಾರೀಖು ಹಾಕಿದ್ದರು. ನನಗಿಂತ ಒಂದು ವಾರ ಮೊದಲೇ ಕಂಡುಹಿಡಿದಿದ್ದರು. ಬೆಳಕು ಕಡಿಮೆಯಾದರೆ ಮೆಟ್ಟಿಲು ಕಾಣದ ಕಣ್ಣಿಗೆ ಹಳದಿ ಮಾತ್ರ ತಪ್ಪುವುದಿಲ್ಲ. "ದಿನೇ ದಿನೇ ಗಾಢ ಆಗ್ತಾ ಹೋಯ್ತು. ನಿನಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ" ಅಂದರು. ಆ ಮಾತು ಬೈಗುಳದ ನಡುವೆ ಬಂದದ್ದರಿಂದ ನಾನು ಗಮನಿಸಲಿಲ್ಲ ಅಂದುಕೊಂಡಿರಬೇಕು.

ಸೊಸೆ ನೆಲದ ಮೇಲೆ ಕೂತಳು. ಕೂಗಾಡಿದ್ದರೆ ನನಗೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ ಅಂದಳು: "ಅತ್ತೆ, ನಾಲ್ಕನೇ ದಿನವೇ ಹೇಳಿದ್ದಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ತಿದ್ದೆ. ನಾನು ನಿಮ್ಮನ್ನ ಬೈತಿರಲಿಲ್ಲ."

ಆಕೆಯ ಮಾತನ್ನು ಐನೂರು ಸೀಳಿನ ತನಕ ಕೇಳಿದ ನಾನು, ಆಕೆಗೆ ಒಂದು ಮಾತು ಹೇಳಿರಲಿಲ್ಲ.

ಅವಳು ಫೋನು ತೆಗೆದು ತಕ್ಕಡಿ ಮೇಡಂಗೆ ಹಚ್ಚಿದಳು. ಇದ್ದದ್ದು ಇದ್ದ ಹಾಗೇ ಹೇಳಿದಳು. ಫೋನಿನ ದನಿ ನಮಗೂ ಕೇಳುತ್ತಿತ್ತು. ಮೊದಲು ಬಹಳ ಹೊತ್ತು ಏನೂ ಇಲ್ಲ. (ತೂಗುತ್ತಿದ್ದರು ಅಂತ ಕಾಣುತ್ತದೆ.)

"ಹನ್ನೆರಡನೇ ನಂಬರು ಹೊಡೆದುಹಾಕು. ಏನಾಯ್ತೋ ಹಾಗೇ ಬರೆದಿಡು, ಒಂದಕ್ಷರ ಬಿಡಬೇಡ. ನಿಮ್ಮತ್ತೆ ಕುಡಿದದ್ದೂ ಲೆಕ್ಕಕ್ಕಿಲ್ಲ. ಮೊದಲ ರಕ್ತ ಇಲ್ಲ, ಮೇಲೆ ಕ್ಯಾರೆಟ್ ಬೇರೆ. ಆ ಹನ್ನೊಂದನೇ ನಂಬರಿನವರ ಬಾಯಿ ಏನಾಯ್ತು?"

"ಹೊಸ ಹಲ್ಲು ಕೂರೋಕೆ ಇನ್ನೂ ಎರಡು ತಿಂಗಳು ಬೇಕಂತೆ ಮೇಡಂ."

"ಅಂದ್ರೆ ಅವರಿಗೋಸ್ಕರ ಹೇಗೂ ಕಾಯ್ತಿದೀವಿ. ಅವರ ಜೊತೆಗೇ ಒಬ್ಬ ಹೊಸಬರನ್ನ ಶುರು ಮಾಡು. ಆದ್ರೆ ನೋಡು, ಈ ಸಲ ದಿನ ತಪ್ಪದೆ ಕುಡಿಯೋರೇ ಆಗಬೇಕು."

"ಅಂಥೋರು ಎಲ್ಲಿ ಸಿಗ್ತಾರೆ ಮೇಡಂ?"

"ಮೂವತ್ತೊಂಬತ್ತು ದಿನ ಒಂದು ದಿನವೂ ಬಿಡದೆ ಕುಡಿದೋರು ನಿನ್ನೆದುರಿಗೇ ಇದಾರಲ್ಲಮ್ಮ. ಅರವತ್ತೂ ದಾಟಿದೆ. ಅವರ ಕೈ ಮೊದಲಿನ ಬಣ್ಣಕ್ಕೆ ಬರಲಿ. ರಕ್ತ ನೋಡಿ ಶುರು ಮಾಡು."

ಮೂರು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ಸೊಸೆಯ ಕಣ್ಣಲ್ಲಿ ಮಾತ್ರ ಮತ್ತೆ ಈರುಳ್ಳಿ ಇಲ್ಲದ ನೀರು. ಆದರೆ ಬಾಯಿ ನಗುತ್ತಿತ್ತು.

"ಮೈ ಸರಿ ಇದೆಯಾ ಅಂತ ಒಂದು ಸಲ ಈಗಲೇ ನೋಡಿಬಿಡೋಣ, ಕೂತ್ಕೊಳ್ಳಿ" ಅಂತ ನರ್ಸಮ್ಮ ಸೂಜಿ ಎತ್ತಿದಳು. ನಾನು ಕಿರುಚಿದ್ದು ಕ್ಷೌರದಂಗಡಿಗೂ ಕೇಳಿಸಿತಂತೆ.

"ಇರುವೆ ಕಚ್ಚಿದ ಹಾಗೆ ಕಣೇ, ಅಷ್ಟೇ" ಅಂದರು ಯಜಮಾನರು, ಪರಮಾನಂದದಿಂದ.

ಈಗ ಹದಿಮೂರನೇ ನಂಬರಿನ ಡಬ್ಬಿ ನನ್ನದು. ಇವತ್ತಿಗೆ ಒಂಬತ್ತನೇ ದಿನ. ಆರು ವಾರ ಮುಗಿಯಲು ಇನ್ನೂ ಮೂವತ್ತಮೂರು ದಿನ. ಮೇಲ್ವಿಚಾರಣೆಗೆ ಸೊಸೆ ನೇಮಿಸಿರುವುದು ಯಾರನ್ನು ಅಂತ ಬೇರೆ ಹೇಳಬೇಕೇ? ಬೆಳಿಗ್ಗೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಫ್ರಿಜ್ಜಿನ ಪಕ್ಕ ನಿಲ್ಲುತ್ತಾರೆ.

"ಹೂಂ, ಕುಡಿ."

"ಕುಡಿದೆ."

"ಗುಟುಕು ಕಾಣಿಸಲಿಲ್ಲ. ಬಾಯಿ ತೆಗಿ. ತಳದಲ್ಲಿ ಉಳಿದಿದೆ, ಎರಡು ಚಮಚ ನೀರು ಹಾಕಿ ಅಲ್ಲಾಡಿಸಿ ಕುಡಿ. ಮೇಡಂ ಹೇಳಿದಾರೆ."

ಹಿಂದಿನ ಡಬ್ಬಿ ಕುಡಿಯುವಾಗ ಸೊಸೆ ಎಲ್ಲಿ ನೋಡಿಬಿಡುತ್ತಾಳೋ ಅಂತ ಗಟಗಟ ಸುರಿದುಕೊಂಡು ರುಚಿಯೇ ಗೊತ್ತಾಗಿರಲಿಲ್ಲ. ಈಗ ನಿಧಾನವಾಗಿ ಕುಡಿದರೆ ಗೊತ್ತಾಗುತ್ತದೆ. ಹೊರಗೆ ಯಾರಿಗೂ ಹೇಳಬೇಡಿ: ಬ್ರಷ್ ತೊಳೆದ ನೀರೇ.

ಅವರು ಗುರುತು ಹಾಕಿ ಪೇಪರು ಹಿಡಿದು ಕೂತರು. ತಟ್ಟೆಯಲ್ಲಿ ಬ್ರೆಡ್ಡಿನ ಅಂಚು ಬಿಟ್ಟಿದ್ದರು. ಕೈ ಹೋಯಿತು, "ಊಹೂಂ!" ಅನ್ನುವ ಸದ್ದು ಪೇಪರಿನ ಹಿಂದಿನಿಂದ ಬಂತು, ಕೈ ವಾಪಸ್ಸು ಬಂತು. ಅಂಚನ್ನು ಕಿಟಕಿಯಾಚೆಯ ಹಕ್ಕಿಗಳಿಗೆ ಹಾಕಿದೆ. ನಾನು ಸಾಯುವುದಿಲ್ಲ ಅಂತ ಗೊತ್ತಾದ ದಿನದಿಂದ ಅವರು ಸಿಂಕಿನ ಹತ್ತಿರ ಸುಳಿದಿಲ್ಲ. ಪಾತ್ರೆ ಗುಡ್ಡ ಬಿದ್ದಿತ್ತು. ಗ್ಲೌಸು ಹಾಕಿಕೊಳ್ಳದೆ ನಲ್ಲಿ ತಿರುಗಿಸಿ, ಮೊದಲು ಆ ಲೋಟ ತೊಳೆದು ಬೋರಲು ಹಾಕಿದೆ, ಆಮೇಲೆ ತಟ್ಟೆಗಳು.